ಹಿತ್ತಾಳೆಯ ಮೇಲೆ ಪಿಪಿ, ಪಿಪಿಯ ಮೇಲೆ ಟಿಪಿಇ: ಅಡಿಕೆ ಔಷಧಿ ಗನ್ನಿನ ಹಿಡಿ ತಯಾರಿಸಿದ ದಾಖಲೆ

ಶಿವಮೊಗ್ಗ ಬಳಿಯ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಸಣ್ಣ ಘಟಕದಲ್ಲಿ, ಅಡಿಕೆ ತೋಟಕ್ಕೆ ಔಷಧಿ ಹೊಡೆಯುವ ಗನ್ನಿಗೆ ಹಿಡಿ ತಯಾರಿಸುವ ಕೆಲಸ ಕಳೆದ ಮಳೆಗಾಲದಲ್ಲಿ ಆರಂಭವಾಗಿ ಈ ಮೇ ತಿಂಗಳಿಗೆ ಒಂದು ಹಂತ ಮುಟ್ಟಿದೆ. ಒಳಗೆ ಹಿತ್ತಾಳೆಯ ಕೊಳವೆ, ಅದರ ಮೇಲೆ ಗಟ್ಟಿ ಪ್ಲಾಸ್ಟಿಕ್ಕಿನ ಒಡಲು (ಕೊನೆಗೆ ನೆಚ್ಚಿದ್ದು ಪಿಪಿ, ಅಂದರೆ ಪಾಲಿಪ್ರೊಪಿಲೀನ್), ಆ ಒಡಲಿನ ಮೇಲೆ ಅಂಗೈಗೆ ಸಿಗುವ ಮೆತ್ತನೆಯ ಪದರ (ಟಿಪಿಇ, ಅಂದರೆ ರಬ್ಬರಿನಂತೆ ಮೆತ್ತಗಿದ್ದೂ ಬಿಸಿಗೆ ಕರಗುವ ಪ್ಲಾಸ್ಟಿಕ್), ಹೀಗೆ ಮೂರು ವಸ್ತುಗಳು ಸೇರಿ ಒಂದೇ ತುಂಡಾಗಬೇಕಿತ್ತು. ಇಂಥ ಕೆಲಸದಲ್ಲಿ ಒಂದು ವಸ್ತು ಇನ್ನೊಂದನ್ನು ಹಿಡಿದು ನಿಲ್ಲುತ್ತದೆಯೋ ಬಿಡುತ್ತದೆಯೋ ಎಂಬುದು ಯಂತ್ರದ ಒತ್ತಡ ಮತ್ತು ವೇಗವನ್ನು ತಿದ್ದುವುದಕ್ಕಿಂತ ಬಹಳ ಮುಂಚೆಯೇ, ಇನ್ಸರ್ಟಿನ, ಅಂದರೆ ಒಳಗೆ ಇಡುವ ಹಿತ್ತಾಳೆ ತುಂಡಿನ, ಆಕಾರ ಬರೆಯುವಾಗ ಮತ್ತು ಅದನ್ನು ಅಚ್ಚಿನೊಳಗೆ ಇಡಲು ಸಿದ್ಧಪಡಿಸುವಾಗ ತೀರ್ಮಾನವಾಗಿರುತ್ತದೆ ಎಂದು ನನಗೆ ಈಗ ಖಚಿತವಾಗಿದೆ. ಒಂದೇ ಯಂತ್ರ ಇಟ್ಟುಕೊಂಡು, ಲೋಹದ ತುಂಡನ್ನು ಅಚ್ಚಿನಲ್ಲಿಟ್ಟು ಸುತ್ತ ಪ್ಲಾಸ್ಟಿಕ್ ತುಂಬುವ ಇನ್ಸರ್ಟ್ ಮೋಲ್ಡಿಂಗ್‌ಗೆ ಇಳಿಯುವ ಸಣ್ಣ ಘಟಕದವರಿಗೆ ಉಪಯೋಗವಾಗಲಿ ಎಂದು ಕ್ರಮ, ಅಳತೆ, ಖರ್ಚು ಮತ್ತು ವಿಫಲವಾದ ಪ್ರಯೋಗಗಳನ್ನು ಬರೆದಿಡುತ್ತಿದ್ದೇನೆ.

ಹಂತ 1: ಏನು ಬೇಕಾಗಿತ್ತು (ಜೂನ್)

ಕೊಳೆರೋಗಕ್ಕೆ ಹೊಡೆಯುವ ಶೇಕಡ 1ರ ಬೋರ್ಡೋ ದ್ರಾವಣವೆಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ ಮತ್ತು 1 ಕಿಲೋ ಸುಣ್ಣ. ಮಳೆ ಹಿಡಿಯುವ ಮುನ್ನ ಒಂದು ಸಲ, ಮತ್ತೆ 40–45 ದಿನಗಳಿಗೆ ಇನ್ನೊಂದು ಸಲ ಹೊಡೆಯುವುದು ಮಲೆನಾಡಿನ ವಾಡಿಕೆ. ಎರಡನೆಯ ಸಲ ಮಳೆಯ ನಡುವಿನ ಹೊಳವನ್ನು ಕಾದು ಹೊಡೆಯಬೇಕಾಗುವುದರಿಂದ ಕೈ, ಪೈಪು, ಗನ್ನು ಎಲ್ಲವೂ ಒದ್ದೆಯಾಗಿಯೇ ಇರುತ್ತವೆ. ಈಗ ಬಳಕೆಯಲ್ಲಿರುವ ಹಲವು ಗನ್ನುಗಳಲ್ಲಿ ಹಿತ್ತಾಳೆ ಕೊಳವೆಯ ಮೇಲೆ ರಬ್ಬರಿನ ತೋಳನ್ನು ತೂರಿಸಿರುತ್ತಾರೆ. ಅದರ ಕೆಳಗೆ ಸುಣ್ಣದ ನೀರು ನುಗ್ಗಿದ ಮೇಲೆ ತೋಳು ಕೊಳವೆಯ ಮೇಲೆ ತಿರುಗಲಾರಂಭಿಸುತ್ತದೆ. ತೀರ್ಥಹಳ್ಳಿ ಕಡೆಯ ಹಿರಿಯ ಬೆಳೆಗಾರರೊಬ್ಬರು ನಮಗೆ ಕೊಟ್ಟ ಬೇಡಿಕೆ ಇಷ್ಟೇ: "ಮಾರಾಯ, ಮೆತ್ತಗಿದ್ದರೆ ಸಾಲದು, ಸುಣ್ಣ ಮೆತ್ತಿದ ಮೇಲೂ ಜಾರಬಾರದು, ಪೈಪು ಬಿಚ್ಚುವಾಗ ಹಿಡಿಯೇ ತಿರುಗಬಾರದು."

ಒಳಗಿನ ಕೊಳವೆ ಕಬ್ಬಿಣದ್ದಾಗಲು ಸಾಧ್ಯವಿರಲಿಲ್ಲ. ಮೈಲುತುತ್ತದ ನೀರಿನಲ್ಲಿ ಕಬ್ಬಿಣ ಕರಗಿ ಅದರ ಜಾಗದಲ್ಲಿ ತಾಮ್ರ ಕೂರುತ್ತದೆ. ದ್ರಾವಣದಲ್ಲಿ ಸುಣ್ಣ ಸಾಕಾಗಿದೆಯೇ ಎಂದು ತಿಳಿಯಲು ಬೆಳೆಗಾರರು ಉಜ್ಜಿದ ಕತ್ತಿಯ ಅಲಗನ್ನು ಅದ್ದಿ ಕೆಂಪು ಬಣ್ಣ ಹತ್ತುತ್ತದೆಯೇ ಎಂದು ನೋಡುವುದೂ ಇದೇ ಕಾರಣಕ್ಕೆ. ಪಂಪಿನ ಒತ್ತಡ 20–30 ಬಾರ್ ಇರುವುದರಿಂದ ಅದನ್ನು ಪ್ಲಾಸ್ಟಿಕ್ಕಿನ ಮೇಲೆ ಹೊರಿಸುವ ಯೋಚನೆಯನ್ನೂ ಮೊದಲೇ ಕೈಬಿಟ್ಟೆವು. ಒತ್ತಡವನ್ನೆಲ್ಲ ಹಿತ್ತಾಳೆಯೇ ತಾಳಿಕೊಳ್ಳಬೇಕು, ಪ್ಲಾಸ್ಟಿಕ್ ಹಿಡಿಯಾಗಿ ಮಾತ್ರ ಇರಬೇಕು ಎಂಬುದು ಮೊದಲ ನಿರ್ಧಾರವಾಗಿತ್ತು ಮತ್ತು ಅದನ್ನು ಕೊನೆಯವರೆಗೂ ಬದಲಿಸಲಿಲ್ಲ.

ಯಂತ್ರ ನಮ್ಮಲ್ಲಿದ್ದ 60 ಟನ್ ಬಲದಿಂದ ಅಚ್ಚು ಮುಚ್ಚುವ ನಿಲುವು ಮಾದರಿಯ ಇಂಜೆಕ್ಷನ್ ಮೋಲ್ಡಿಂಗ್ ಯಂತ್ರ. ಇದರಲ್ಲಿ ಅಚ್ಚು ಮೇಲೆ ಕೆಳಗೆ ತೆರೆಯುವುದರಿಂದ ಕೆಳಗಿನ ಅರ್ಧದಲ್ಲಿ ಇಟ್ಟ ಇನ್ಸರ್ಟ್ ತನ್ನ ಭಾರದಿಂದಲೇ ಕೂತಿರುತ್ತದೆ. ಅಡ್ಡ ಯಂತ್ರದಲ್ಲಾಗಿದ್ದರೆ ಬೀಳದಂತೆ ಹಿಡಿಯಲು ಆಯಸ್ಕಾಂತವೋ ಸ್ಪ್ರಿಂಗೋ ಬೇಕಾಗುತ್ತಿತ್ತು, ಹಿತ್ತಾಳೆಗೆ ಆಯಸ್ಕಾಂತ ಹಿಡಿಯುವುದೂ ಇಲ್ಲ. ಪ್ಲಾಸ್ಟಿಕ್ ಕರಗಿಸುವ ಎರಡು ಬ್ಯಾರೆಲ್ ಇದ್ದು, ಅಚ್ಚು ಸುತ್ತಿ ಒಂದೇ ಆವರ್ತನದಲ್ಲಿ ಎರಡು ವಸ್ತುಗಳನ್ನು ತುಂಬುವ ಯಂತ್ರಗಳಿವೆ, ಆದರೆ ನಮ್ಮ ಉತ್ಪಾದನೆಯ ಪ್ರಮಾಣಕ್ಕೆ ಆ ಬಂಡವಾಳ ಹೊಂದುವುದಿಲ್ಲ. ಆದ್ದರಿಂದ ಒಡಲಿಗೊಂದು, ಮೆತ್ತನೆಯ ಪದರಕ್ಕೊಂದು, ಹೀಗೆ ಎರಡು ಅಚ್ಚುಗಳನ್ನು ಮಾಡಿಸಿ, ಒಂದರಿಂದ ತೆಗೆದ ತುಂಡನ್ನು ಕೈಯಿಂದಲೇ ಇನ್ನೊಂದಕ್ಕೆ ಇಡುವ ದಾರಿ ಹಿಡಿದೆವು. ಎರಡೂ ಅಚ್ಚಿಗೆ ಬಳಸುವ ಪಿ20 ದರ್ಜೆಯ ಉಕ್ಕಿನವು, ಒಮ್ಮೆಗೆ ಎರಡು ತುಂಡು ಕೊಡುವ ತಲಾ ಎರಡು ಕುಳಿಯವು. ಸೇರಿ ನಮಗೆ 2,80,000 ರೂಪಾಯಿ ತಗಲಿತು.

ಹಂತ 2: ಗಾಜಿನೆಳೆಯ ನೈಲಾನ್, ಅದೂ ಜುಲೈ ತಿಂಗಳಲ್ಲಿ

ಮೊದಲ ಆಯ್ಕೆ ಶೇಕಡ 30 ಗಾಜಿನೆಳೆ ಬೆರೆಸಿದ ನೈಲಾನ್ 6. ಅದಕ್ಕೆ ಗಟ್ಟಿಯಾದ ಕಾರಣವಿತ್ತು. ಹಿತ್ತಾಳೆ ಪ್ರತಿ ಡಿಗ್ರಿಗೆ ಮೀಟರಿಗೆ ಸುಮಾರು 19 ಮೈಕ್ರಾನ್ ಹಿಗ್ಗುತ್ತದೆ. ಗಾಜಿಲ್ಲದ ನೈಲಾನ್ ಇದರ ನಾಲ್ಕು ಪಟ್ಟಿನಷ್ಟು ಹಿಗ್ಗುತ್ತದೆ. ಗಾಜಿನೆಳೆ ಸೇರಿದಾಗ, ಎಳೆ ಮಲಗಿದ ದಿಕ್ಕಿನಲ್ಲಿ ಅದು 25–30ಕ್ಕೆ ಇಳಿದು ಹಿತ್ತಾಳೆಯ ಹತ್ತಿರ ಬರುತ್ತದೆ. ಬಿಸಿಲಿಗೂ ಮಳೆಗೂ ಎರಡೂ ಒಟ್ಟಿಗೆ ಹಿಗ್ಗಿ ಕುಗ್ಗಿದರೆ ನಡುವಿನ ಬಿಗಿ ಉಳಿಯುತ್ತದೆ.

ತೊಂದರೆ ಆರಂಭವಾದದ್ದು ಪ್ಲಾಸ್ಟಿಕ್ ಕಾಳು ಸುರಿಯುವ ಹಾಪರಿನಲ್ಲೇ. ನೈಲಾನ್ ಗಾಳಿಯ ತೇವವನ್ನು ಹೀರುತ್ತದೆ. ಮೋಲ್ಡಿಂಗ್‌ಗೆ ಮುನ್ನ ತೇವ ಶೇಕಡ 0.2ಕ್ಕಿಂತ ಕಡಿಮೆ ಇರಬೇಕು. ನಮ್ಮಲ್ಲಿದ್ದದ್ದು ಹೊರಗಿನ ಗಾಳಿಯನ್ನೇ ಬಿಸಿ ಮಾಡಿ ಊದುವ ಸಾಮಾನ್ಯ ಹಾಪರ್ ಡ್ರೈಯರ್. ಬೇಸಿಗೆಯಲ್ಲಿ 80 ಡಿಗ್ರಿಯಲ್ಲಿ ನಾಲ್ಕೈದು ಗಂಟೆ ಊದಿದರೆ ಸಾಕಾಗುತ್ತಿದ್ದ ಕೆಲಸ, ಶಿವಮೊಗ್ಗದ ಜುಲೈ ಗಾಳಿಯಲ್ಲಿ ರಾತ್ರಿಯಿಡೀ ಊದಿದರೂ ಆಗಲಿಲ್ಲ, ಏಕೆಂದರೆ ಒಳಗೆ ಹೋಗುವ ಗಾಳಿಯೇ ತೇವದಿಂದ ತುಂಬಿರುತ್ತದೆ. ತುಂಡುಗಳ ಮೈಮೇಲೆ ಬೆಳ್ಳಿಗೆರೆಗಳು ಮೂಡಿದವು, ನಾಜಲ್ಲಿನಿಂದ ದ್ರವ ಬುರುಗು ಬುರುಗಾಗಿ ಸೋರಿತು. ತೇವ ತೆಗೆದ ಗಾಳಿಯನ್ನು ಊದುವ ಡ್ರೈಯರನ್ನು ಪರಿಚಿತ ಘಟಕವೊಂದರಿಂದ ಕೆಲವು ದಿನಗಳ ಮಟ್ಟಿಗೆ ತಂದು ಜೋಡಿಸಿದ ಮೇಲೆ ಗೆರೆಗಳು ಹೋದವು. ಆಗಿನ ಸೆಟ್ಟಿಂಗ್: ಬ್ಯಾರೆಲ್ 270–280 ಡಿಗ್ರಿ, ಅಚ್ಚು 85 ಡಿಗ್ರಿ.

ಗೆರೆ ಹೋದ ಮೇಲೆ ನಿಜವಾದ ದೋಷ ಕಾಣಿಸಿತು. ಹಿತ್ತಾಳೆ ಇನ್ಸರ್ಟಿನ ಮೊದಲ ಆಕಾರದಲ್ಲಿ ಎರಡೂ ತುದಿ 20 ಮಿ.ಮೀ. ದಪ್ಪ, ನಡುವೆ 80 ಮಿ.ಮೀ. ಉದ್ದಕ್ಕೆ 14 ಮಿ.ಮೀ. ದಪ್ಪದ ಸೊಂಟ, ಎರಡೂ ತುದಿಯಲ್ಲಿ ಒಳಗೆ ಕಾಲಿಂಚಿನ ಬಿಎಸ್‌ಪಿ ಥ್ರೆಡ್ (ಪೈಪು ಜೋಡಣೆಯ ಥ್ರೆಡ್ ಮಾದರಿ, ಕಾಲಿಂಚು ಅದರ ಹೆಸರಿನ ಅಳತೆ ಮಾತ್ರ). ಎರಡು ಬದಿಯ ಭುಜಗಳ ನಡುವೆ ಪ್ಲಾಸ್ಟಿಕ್ ಸಿಕ್ಕಿಕೊಂಡರೆ ಎಳೆದರೂ ಹೊರಬರುವುದಿಲ್ಲ ಎಂಬ ಲೆಕ್ಕದಲ್ಲಿ ಇದನ್ನು ಬರೆದಿದ್ದೆವು. ಅಚ್ಚಿನಿಂದ ಬಂದಾಗ ತುಂಡುಗಳು ಚೆನ್ನಾಗಿಯೇ ಇದ್ದವು, ಆದರೆ ಮರುದಿನ ಬೆಳಿಗ್ಗೆ ಟ್ರೇ ತೆರೆದಾಗ ಹಲವು ತುಂಡುಗಳಲ್ಲಿ ಭುಜದ ಮೂಲೆಯಲ್ಲಿ ಸುತ್ತಲೂ ಕೂದಲೆಳೆಯಂಥ ಬಿರುಕು ಬಿಟ್ಟಿತ್ತು.

ಕಾರಣ ಲೆಕ್ಕ ಹಾಕಿದರೆ ಸ್ಪಷ್ಟವಿದೆ. ಈ ನೈಲಾನ್ ತಣಿಯುವಾಗ ಉದ್ದದಲ್ಲಿ ಸುಮಾರು ಶೇಕಡ 0.4 ಕುಗ್ಗುತ್ತದೆ, 80 ಮಿ.ಮೀ. ಉದ್ದಕ್ಕೆ ಅದು 0.3 ಮಿ.ಮೀ. ಆಗುತ್ತದೆ. ಎರಡು ಭುಜಗಳೂ ತಡೆದು ನಿಂತಾಗ ಅಷ್ಟು ಕುಗ್ಗಲು ಅದಕ್ಕೆ ಜಾಗವಿಲ್ಲ. ತಣಿದ ಪ್ಲಾಸ್ಟಿಕ್ ತನ್ನನ್ನು ತಾನೇ ಎಳೆದುಕೊಂಡು ನಿಂತಿರುತ್ತದೆ. ಆ ಎಳೆತ ಒಳಮೂಲೆಯ ಚೂಪಿನಲ್ಲಿ ಸೇರಿಕೊಂಡು ಬಿರುಕು ಬಿಡುತ್ತದೆ. ಹೊಸದಾಗಿ ಅಚ್ಚಿನಿಂದ ಬಂದ ನೈಲಾನ್ ಒಣಗಿ ಪೆಡಸಾಗಿರುತ್ತದೆ; ಬಿಸಿನೀರಿನಲ್ಲಿ ಅದ್ದಿ ತೇವ ಕುಡಿಸಿದ ತುಂಡುಗಳು ಬಿರುಕು ಬಿಡದೆ ಉಳಿದವಾದರೂ ಒಳಗಿನ ಎಳೆತ ಹಾಗೆಯೇ ಇತ್ತು. ಅಂಥ ತುಂಡನ್ನು ಬೆಳೆಗಾರರ ಕೈಗೆ ಕೊಡಲು ನನಗೆ ಮನಸ್ಸಾಗಲಿಲ್ಲ.

ಹಂತ 3: ಇನ್ಸರ್ಟನ್ನು ಮತ್ತೆ ಬರೆದದ್ದು (ಸೆಪ್ಟೆಂಬರ್)

ಹೊಸ ಆಕಾರದಲ್ಲಿ ಒಂದು ತುದಿಯನ್ನು ಮಾತ್ರ ಬಿಗಿಯಾಗಿ ಹಿಡಿದು ಇನ್ನೊಂದನ್ನು ಸ್ವತಂತ್ರವಾಗಿ ಬಿಟ್ಟೆವು. ಪೈಪು ಸೇರುವ ತುದಿ 20 ಮಿ.ಮೀ. ದಪ್ಪದ ತಲೆ, 25 ಮಿ.ಮೀ. ಉದ್ದ, ಒಳಗೆ ಕಾಲಿಂಚಿನ ಬಿಎಸ್‌ಪಿ. ಅಲ್ಲಿಂದ ಮುಂದಕ್ಕೆ 14 ಮಿ.ಮೀ. ದಪ್ಪದ ನಯವಾದ ಕೊಳವೆ, ಒಳತೂತು 8 ಮಿ.ಮೀ. ಕೊನೆಯಲ್ಲಿ 12 ಮಿ.ಮೀ. ಉದ್ದದ ಹೊರಥ್ರೆಡ್. ಕಾಲಿಂಚಿನ ಬಿಎಸ್‌ಪಿಯ ಹೊರವ್ಯಾಸ 13.157 ಮಿ.ಮೀ. ಆದ್ದರಿಂದ ಅದು 14ಕ್ಕಿಂತ ಚಿಕ್ಕದಾಗಿ, ಆ ತುದಿಯಲ್ಲಿ ಭುಜವೇ ಇಲ್ಲದಂತಾಯಿತು. ಪ್ಲಾಸ್ಟಿಕ್ ಕುಗ್ಗುವಾಗ ನಯವಾದ ಕೊಳವೆಯ ಮೇಲೆ ಜಾರಿಕೊಂಡು ತಲೆಯ ಕಡೆಗೆ ಬರುತ್ತದೆ.

ತಿರುಗದಂತೆ ಮತ್ತು ಹೊರಬರದಂತೆ ಹಿಡಿಯುವ ಕೆಲಸವೆಲ್ಲ ತಲೆಯ ಮೇಲೆ ಬಿತ್ತು. ಅಲ್ಲಿ 15 ಮಿ.ಮೀ. ಅಗಲಕ್ಕೆ ನೇರಗೆರೆಯ ನರ್ಲಿಂಗ್ (ಲೋಹದ ಮೈಮೇಲೆ ಒತ್ತಿದ ಹಲ್ಲುಗೆರೆಗಳು) ಹಾಕಿ, ಅದರ ನಡುವೆ 3 ಮಿ.ಮೀ. ಅಗಲ, 1 ಮಿ.ಮೀ. ಆಳದ ಉಂಗುರದಂಥ ಕಾಲುವೆ ಕೊರೆಸಿದೆವು. ನೇರಗೆರೆ ತಿರುಗುವುದನ್ನು ತಡೆಯುತ್ತದೆ, ಕಾಲುವೆಯಲ್ಲಿ ತುಂಬಿದ ಪ್ಲಾಸ್ಟಿಕ್ ಎಳೆತವನ್ನು ತಡೆಯುತ್ತದೆ. ವಜ್ರಾಕೃತಿಯ ನರ್ಲಿಂಗ್ ಎರಡನ್ನೂ ಮಾಡುತ್ತದೆ ಎಂಬುದು ನಿಜ, ಆದರೆ ಅದರ ಚೂಪು ತುದಿಗಳು ಪ್ಲಾಸ್ಟಿಕ್ಕಿನಲ್ಲಿ ಬಿರುಕಿನ ಬೀಜಗಳಾಗುತ್ತವೆ. ಇನ್ಸರ್ಟುಗಳ ಮೊದಲ ಕಂತಿನಲ್ಲಿ ಅದನ್ನು ಕಂಡ ಮೇಲೆ ನಾನು ಗೆರೆ ಮತ್ತು ಕಾಲುವೆಯ ಜೋಡಿಯನ್ನೇ ನೆಚ್ಚಿಕೊಂಡಿದ್ದೇನೆ. ಕಾಲುವೆಯ ಮತ್ತು ತಲೆಯ ಎಲ್ಲ ಅಂಚುಗಳಿಗೆ 0.5 ಮಿ.ಮೀ. ದುಂಡು ಕೊಡಿಸಿದೆವು.

ಲೇತ್ ಕೆಲಸ ಮಾಡುವ ಟರ್ನರ್ ಜೊತೆ ಹೆಚ್ಚು ಹೊತ್ತು ಚರ್ಚಿಸಿದ್ದು 14 ಮಿ.ಮೀ. ವ್ಯಾಸದ ಬಗ್ಗೆ. ಅಚ್ಚಿನ ಎರಡು ಅರ್ಧಗಳು ಕೊಳವೆಯನ್ನು ಇದೇ ವ್ಯಾಸದ ಮೇಲೆ 6 ಮಿ.ಮೀ. ಉದ್ದಕ್ಕೆ ಕಚ್ಚಿ ಹಿಡಿಯುತ್ತವೆ. ಕೊಳವೆ 14.00ಕ್ಕಿಂತ ದಪ್ಪವಾದರೆ ಅಚ್ಚು ಪೂರ್ತಿ ಮುಚ್ಚುವುದಿಲ್ಲ, ಮುಚ್ಚಿದರೂ ಹಿತ್ತಾಳೆ ಜಜ್ಜುತ್ತದೆ ಅಥವಾ ಅಚ್ಚಿನ ಅಂಚು ಬೀಳುತ್ತದೆ, 13.95ಕ್ಕಿಂತ ಸಣ್ಣದಾದರೆ ಪ್ಲಾಸ್ಟಿಕ್ ಆ ಸಂದಿನಿಂದ ಹೊರಥ್ರೆಡ್ಡಿನವರೆಗೆ ಹರಿದು ಹೋಗುತ್ತದೆ. 13.97ರಿಂದ 14.00ರ ಒಳಗೆ ಮಾತ್ರ ತೆಗೆದುಕೊಳ್ಳುತ್ತೇವೆ ಎಂದು ಹೇಳಿ, ಸರಿಯಳತೆಯ ಕೊಳವೆಯನ್ನು ಮಾತ್ರ ಒಪ್ಪುವ ಹೋಗು-ನಿಲ್ಲು ಗೇಜನ್ನು ನಾವೇ ಮಾಡಿಸಿ ಅವರ ಲೇತಿನ ಪಕ್ಕದಲ್ಲಿ ಇಟ್ಟೆವು. ಗೇಜಿನ ಪರೀಕ್ಷೆ ದಾಟದ ಇನ್ಸರ್ಟ್ ಒಂದೂ ಅಚ್ಚಿನ ಹತ್ತಿರ ಬರಬಾರದು. ಈ ನಿಯಮ ಬಂದ ಮೇಲೆ ಥ್ರೆಡ್ಡಿನೊಳಗೆ ಪ್ಲಾಸ್ಟಿಕ್ ನುಗ್ಗುವ ದೂರು ಬಹುಮಟ್ಟಿಗೆ ನಿಂತಿತು. ತಲೆಯ ಒಳಥ್ರೆಡ್ಡಿಗೆ ಮಾತ್ರ ಉಕ್ಕಿನ ಸ್ಕ್ರೂ ಬಿರಟೆಗಳನ್ನು ಮಾಡಿಸಿ, ಇಡುವ ಮುನ್ನ ಕೈಯಿಂದ ತಿರುಗಿಸಿ ಮುಚ್ಚುತ್ತೇವೆ.

ಖರ್ಚು: ಐಎಸ್ 319 ದರ್ಜೆಯ ಹಿತ್ತಾಳೆ ಸರಳು ನಮಗೆ ಕಿಲೋಗೆ 620 ರೂಪಾಯಿ ಬಿತ್ತು. ಒಂದು ಇನ್ಸರ್ಟಿಗೆ ಸುಮಾರು 350 ಗ್ರಾಂ ಸರಳು ಬೇಕು, ಆದರೆ ಕೊನೆಗೆ ಉಳಿಯುವುದು 135 ಗ್ರಾಂ, ಮಿಕ್ಕದ್ದು ಪುಡಿ. ಪುಡಿ ಮಾರಿದ ಹಣ ಕಳೆದು, ಲೇತಿನ ಕೂಲಿ ಸೇರಿಸಿದರೆ ಒಂದಕ್ಕೆ 165 ರೂಪಾಯಿ. ಇದರ ಮುಂದೆ ಪ್ಲಾಸ್ಟಿಕ್ಕಿನ ಬೆಲೆ ಲೆಕ್ಕಕ್ಕೇ ಬರುವುದಿಲ್ಲ: ಒಡಲಿಗೆ 37 ಗ್ರಾಂ, ಮೇಲಿನ ಪದರಕ್ಕೆ 20 ಗ್ರಾಂ, ಎರಡೂ ಸೇರಿ 12 ರೂಪಾಯಿ. ಹಾಗಾಗಿ ಈ ಕೆಲಸದಲ್ಲಿ ಕಿಲೋಗೆ ಹತ್ತಿಪ್ಪತ್ತು ರೂಪಾಯಿ ಉಳಿಸಲು ಕಡಿಮೆ ದರ್ಜೆಯ ಪ್ಲಾಸ್ಟಿಕ್ ಹುಡುಕುವುದರಲ್ಲಿ ಅರ್ಥವಿಲ್ಲ; ಹಾಳಾದ ಪ್ರತಿ ತುಂಡೂ ಹಿತ್ತಾಳೆಯನ್ನು ಹೊತ್ತುಕೊಂಡೇ ಹಾಳಾಗುತ್ತದೆ. ಕೆಟ್ಟ ತುಂಡುಗಳನ್ನು ವೈಸಿನಲ್ಲಿ ಒಡೆದು ಇನ್ಸರ್ಟ್ ಮರಳಿ ಪಡೆಯುತ್ತೇವೆ, ಆದರೆ ಗೆರೆಗಳ ನಡುವೆ ಸಿಕ್ಕ ಪ್ಲಾಸ್ಟಿಕ್ಕನ್ನು ಬಿಡಿಸಲು ಹೊಸದನ್ನು ತೊಳೆಯುವುದಕ್ಕಿಂತ ಬಹಳ ಹೆಚ್ಚು ಸಮಯ ಹಿಡಿಯುತ್ತದೆ.

ಹಂತ 4: ಮೆತ್ತನೆಯ ಪದರ ಸುಲಿದು ಬಂದದ್ದು (ಅಕ್ಟೋಬರ್–ನವೆಂಬರ್)

ಬಿರುಕಿಲ್ಲದ ನೈಲಾನ್ ಒಡಲು ಕೈಗೆ ಬಂದ ಮೇಲೆ ಅದರ ಮೇಲೆ ಟಿಪಿಇ ತುಂಬಿದೆವು. ನಮಗೆ ಸುಲಭವಾಗಿ ಸಿಗುತ್ತಿದ್ದದ್ದು ಎಸ್‌ಇಬಿಎಸ್ ಎಂಬ ರಬ್ಬರಿನಂಥ ವಸ್ತುವಿನ ಆಧಾರದ, ಶೋರ್ ಎ ಎಂಬ ಗಡಸು ಮಾಪಕದಲ್ಲಿ 60 ಬರುವ ಸಾಮಾನ್ಯ ದರ್ಜೆ. ಅಚ್ಚಿನಿಂದ ಬಂದ ಹಿಡಿ ನೋಡಲು ಅಂಗಡಿಯಲ್ಲಿಡುವಂತಿತ್ತು. ಆದರೆ ಅಂಚಿಗೆ ಉಗುರು ಹಾಕಿ ಎಳೆದರೆ ಬಾಳೆಹಣ್ಣಿನ ಸಿಪ್ಪೆಯಂತೆ ಪೂರ್ತಿ ಸುಲಿದು ಬಂತು, ನೈಲಾನಿನ ಮೇಲೆ ಒಂದು ಎಳೆಯೂ ಉಳಿಯಲಿಲ್ಲ.

ಬ್ಯಾರೆಲ್ಲಿನ ತಾಪ ಏರಿಸಿದೆವು, ವೇಗ ಏರಿಸಿದೆವು, ಹಿಡಿತದ ಒತ್ತಡ ಏರಿಸಿದೆವು. ಫ್ಲ್ಯಾಶ್ (ಅಚ್ಚಿನ ಸಂದಿನಿಂದ ಹೊರಚಾಚುವ ತೆಳು ಪ್ಲಾಸ್ಟಿಕ್) ಹೆಚ್ಚಾಯಿತೇ ಹೊರತು ಅಂಟು ಬರಲಿಲ್ಲ. ಬರುವುದೂ ಇಲ್ಲ. ಎಸ್‌ಇಬಿಎಸ್ ಮಾದರಿಯ ಸಾಮಾನ್ಯ ಟಿಪಿಇ ಪಿಪಿಯ ಸ್ವಭಾವದ ವಸ್ತು. ಬಿಸಿಯಾಗಿ ಪಿಪಿಯ ಮೇಲೆ ಬಿದ್ದರೆ ಮೇಲ್ಮೈ ಕರಗಿ ಎರಡೂ ಬೆರೆಯುತ್ತವೆ. ನೈಲಾನಿನೊಡನೆ ಅದಕ್ಕೆ ಆ ಬೆರಕೆ ಸಾಧ್ಯವಿಲ್ಲ. ನೈಲಾನಿಗೆ ಅಂಟುವಂತೆ ಮಾರ್ಪಡಿಸಿದ ಟಿಪಿಇ ದರ್ಜೆಗಳಿವೆ. ಅವುಗಳಿಗೆ ಹೆಚ್ಚಿನ ತಾಪ, ಬಿಸಿಯಾದ ಮತ್ತು ಒಣಗಿದ ಒಡಲು ಬೇಕು. ಮಳೆಗಾಲದಲ್ಲಿ ಒಡಲನ್ನೂ ಟಿಪಿಇಯನ್ನೂ ಒಣಗಿಸುವ ವ್ಯವಸ್ಥೆ ಶಾಶ್ವತವಾಗಿ ಇಟ್ಟುಕೊಂಡವರಿಗೆ ಅದು ಒಳ್ಳೆಯ ದಾರಿ. ನಮಗೆ ಅದಕ್ಕಿಂತ ಒಡಲನ್ನೇ ಬದಲಿಸುವುದು ಸರಿಯೆನಿಸಿತು.

ಹೀಗೆ ಶೇಕಡ 30 ಗಾಜಿನೆಳೆಯ ಪಿಪಿಗೆ ಬಂದೆವು. ನೀರು ಹೀರುವುದಿಲ್ಲ, ಸುಣ್ಣಕ್ಕೂ ಮೈಲುತುತ್ತಕ್ಕೂ ಜಗ್ಗುವುದಿಲ್ಲ, ಕುಗ್ಗುವಿಕೆ ಗಾಜಿನೆಳೆಯ ನೈಲಾನಿನ ಹತ್ತಿರವೇ ಇರುವುದರಿಂದ ಅದೇ ಅಚ್ಚು ನಡೆಯಿತು. ಒಂದು ಎಚ್ಚರಿಕೆಯನ್ನು ಮಾತ್ರ ಯಾರೂ ಮರೆಯಬಾರದು: ತಾಮ್ರ ಮತ್ತು ತಾಮ್ರ ಬೆರೆತ ಲೋಹಗಳ ಸಂಪರ್ಕದಲ್ಲಿ ಪಿಪಿಯ ಉತ್ಕರ್ಷಣ ಬೇಗ ನಡೆದು ವರ್ಷಗಳ ಮೇಲೆ ಅದು ಪೆಡಸಾಗುತ್ತದೆ. ಒಳಗೆ ಹಿತ್ತಾಳೆ, ಹೊರಗೆ ಮೈಲುತುತ್ತ ಇರುವ ನಮ್ಮ ಹಿಡಿಗೆ ಇದು ನೇರವಾಗಿ ತಟ್ಟುವ ಮಾತು. ಆದ್ದರಿಂದ ತಾಮ್ರದ ಪ್ರಭಾವವನ್ನು ತಡೆಯುವ ಲೋಹ-ನಿಷ್ಕ್ರಿಯಕ ಸೇರಿಸಿದ ದರ್ಜೆಯನ್ನೇ ಕೇಳಿ ತರಿಸಿದೆವು. ಕಿಲೋಗೆ 150 ರೂಪಾಯಿ ಬಿತ್ತು. ಟಿಪಿಇ ಕಿಲೋಗೆ 320.

ಹಂತ 5: ಪಿಪಿ ಒಡಲು ಹಾದಿಗೆ ಬಂದದ್ದು (ಜನವರಿ)

ಬ್ಯಾರೆಲ್ 230–240 ಡಿಗ್ರಿ, ಅಚ್ಚು 50 ಡಿಗ್ರಿ. ಈ ಹಂತದ ಮುಖ್ಯ ಸಮಸ್ಯೆ ವೆಲ್ಡ್ ಲೈನ್, ಅಂದರೆ ಎರಡು ಹರಿವುಗಳು ಕೂಡುವ ಗೆರೆ. ಪ್ಲಾಸ್ಟಿಕ್ ಅಚ್ಚಿನೊಳಗೆ ನುಗ್ಗುವ ಗೇಟು ಮೊದಲು ಒಡಲಿನ ನಡುವೆ ಒಂದು ಬದಿಯಲ್ಲಿತ್ತು. ಪ್ಲಾಸ್ಟಿಕ್ ಕೊಳವೆಗೆ ತಾಗಿ ಎರಡಾಗಿ ಒಡೆದು, ಸುತ್ತಿ ಬಂದು ಹಿಂಬದಿಯಲ್ಲಿ ಮತ್ತೆ ಕೂಡುತ್ತದೆ. ಆ ಕೂಡುವ ಗೆರೆಯನ್ನು ಗಾಜಿನೆಳೆಗಳು ದಾಟುವುದಿಲ್ಲ. ಗೆರೆಯ ಉದ್ದಕ್ಕೂ ಒಂದಕ್ಕೊಂದು ಬೆನ್ನು ಹಾಕಿ ಮಲಗುತ್ತವೆ. ತಣ್ಣನೆಯ ಹಿತ್ತಾಳೆಯನ್ನು ಸುತ್ತಿ ಬರುವಾಗ ಪ್ಲಾಸ್ಟಿಕ್ಕಿನ ಮುಂಚೂಣಿಯೂ ತಣಿದಿರುತ್ತದೆ. ತಿರುಚಿದಾಗ ಒಡಲು ಉದ್ದಕ್ಕೂ ಸೀಳಿದ್ದು ಈ ಗೆರೆಯಲ್ಲೇ.

ಮೂರು ಬದಲಾವಣೆ ಮಾಡಿದೆವು. ಗೇಟನ್ನು ತಲೆಯ ತುದಿಗೆ ಸಾಗಿಸಿದ್ದರಿಂದ ಹರಿವು ಕೊಳವೆಯ ಉದ್ದಕ್ಕೆ ಹೋಗುವಂತಾಯಿತು. ತಲೆಯ ಹಿಂಬದಿಯಲ್ಲಿ, ಎರಡು ಹರಿವುಗಳು ಕೂಡುವ ಜಾಗದಲ್ಲಿ, ಕಡಲೆಬೇಳೆ ಗಾತ್ರದ ಹೆಚ್ಚುವರಿ ಕುಳಿಯನ್ನು ಕೊರೆದು, ತಣಿದ ಮುಂಚೂಣಿ ಅದರೊಳಗೆ ಹೋಗಿ ಬೀಳುವಂತೆ ಮಾಡಿದೆವು. ಅದನ್ನು ನಂತರ ಕತ್ತರಿಸಿ ತೆಗೆಯುತ್ತೇವೆ. ಮೂರನೆಯದು ಇನ್ಸರ್ಟನ್ನು ಬಿಸಿ ಮಾಡಿ ಇಡುವುದು, ಮತ್ತು ಅತಿ ಹೆಚ್ಚು ಗುಣ ಕೊಟ್ಟದ್ದು ಇದೇ. 110 ಡಿಗ್ರಿಯ ಓವನ್ನಿನಿಂದ ತೆಗೆದು, ದಪ್ಪ ಕೈಗವಸು ಹಾಕಿಕೊಂಡು ಅಚ್ಚಿಗೆ ಇಡುವಷ್ಟರಲ್ಲಿ ಅದು 90ರ ಆಸುಪಾಸಿಗೆ ಇಳಿದಿರುತ್ತದೆ, ಅಷ್ಟು ಸಾಕು. ಬಿಸಿ ಹಿತ್ತಾಳೆ ತಾನೂ ಸ್ವಲ್ಪ ಹಿಗ್ಗಿದ್ದು ಪ್ಲಾಸ್ಟಿಕ್ಕಿನ ಜೊತೆಗೇ ಕುಗ್ಗುವುದರಿಂದ ಸುತ್ತಿನ ಬಿಗಿತದ ಎಳೆತವೂ ತಗ್ಗುತ್ತದೆ.

ತಾಪ ಅಳೆಯುವಾಗ ಒಂದು ವಿಷಯ ಗಮನದಲ್ಲಿರಲಿ. ಕೈಯಲ್ಲಿ ಹಿಡಿದು ತೋರಿಸುವ ಇನ್‌ಫ್ರಾರೆಡ್ ಥರ್ಮಾಮೀಟರ್ ಹೊಳೆಯುವ ಹಿತ್ತಾಳೆಯ ಮೇಲೆ ನಿಜಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ, ಏಕೆಂದರೆ ಹೊಳಪಿನ ಲೋಹ ತನ್ನ ಶಾಖವನ್ನು ಹೊರಸೂಸುವುದು ಕಡಿಮೆ. ನಮ್ಮ ಮೀಟರು 45 ಎಂದದ್ದನ್ನು ಥರ್ಮೋಕಪಲ್ ತಾಗಿಸಿ ನೋಡಿದರೆ 100 ದಾಟಿತ್ತು. ಒಂದು ಇನ್ಸರ್ಟಿಗೆ ಶಾಖ ತಾಳುವ ಕಪ್ಪು ಬಣ್ಣ ಹಚ್ಚಿ ಅದನ್ನು ಟ್ರೇಯಲ್ಲಿ ಉಳಿದವುಗಳ ನಡುವೆ ಇಟ್ಟು, ಅಳತೆಯನ್ನೆಲ್ಲ ಅದರ ಮೇಲೆ ಮಾಡುತ್ತೇವೆ.

ಶುಚಿಯ ವಿಷಯ ಚಿಕ್ಕದಾಗಿ: ಲೇತಿನಿಂದ ಬಂದ ಇನ್ಸರ್ಟಿನ ಮೇಲೆ ಕಟಿಂಗ್ ಆಯಿಲ್ ಇರುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದರೆ ಆಯಿಲ್ ಹೋಗಿ ಸೀಮೆಎಣ್ಣೆಯ ಪೊರೆ ಉಳಿಯುತ್ತದೆ. ಈಗ ಸೋಪಿನ ಬಿಸಿನೀರು, ಬರಿಯ ಬಿಸಿನೀರು, ಓವನ್ ಎಂಬ ಕ್ರಮದಲ್ಲಿ ನಡೆಸುತ್ತಿದ್ದೇವೆ. ಕಾಲುವೆಯ ಮೂಲೆಯಲ್ಲಿ ಪುಡಿ ಸಿಕ್ಕಿಕೊಂಡಿರುತ್ತದೆ, ಬ್ರಷ್ ಹಾಕಲೇಬೇಕು.

ಹಂತ 6: ಟಿಪಿಇ ಪದರ, ಎರಡನೆಯ ಸಲ (ಫೆಬ್ರವರಿ–ಮಾರ್ಚ್)

ಪಿಪಿಯ ಮೇಲೆ ಅಂಟು ಬಂತು, ಆದರೆ ಒಂದೇ ತೆರನಾಗಿ ಬರಲಿಲ್ಲ. ಬೆಳಗಿನ ತುಂಡುಗಳು ಸುಲಿಯುತ್ತಿದ್ದವು, ಮಧ್ಯಾಹ್ನದವು ನಿಲ್ಲುತ್ತಿದ್ದವು. ಮೈಸೂರಿನ ಪ್ಲಾಸ್ಟಿಕ್ ತಂತ್ರಜ್ಞಾನ ತರಬೇತಿ ಸಂಸ್ಥೆ ಸಿಪೆಟ್‌ನಲ್ಲಿ ತರಬೇತಿ ಪಡೆದು ಬಂದ ನಮ್ಮ ಆಪರೇಟರ್ ಹುಡುಗಿ ಕಾರಣ ಹಿಡಿದುಕೊಟ್ಟಳು: "ಸಾರ್, ಬೆಳಿಗ್ಗೆ ಇಡೋವು ನಿನ್ನೆಯ ಒಡಲು, ತಣ್ಣಗಿರ್ತವೆ." ಯಂತ್ರ ಒಂದೇ ಆದ್ದರಿಂದ ಮೊದಲು ಒಡಲುಗಳನ್ನೆಲ್ಲ ಮಾಡಿ, ಬ್ಯಾರೆಲ್ ತೊಳೆದು, ಅಚ್ಚು ಬದಲಿಸಿ ನಂತರ ಟಿಪಿಇ ತುಂಬುತ್ತೇವೆ. ಆ ನಡುವಿನ ಅವಧಿಯಲ್ಲಿ ಒಡಲು ತಣಿಯುತ್ತದೆ, ಧೂಳು ಕೂರುತ್ತದೆ, ಕೈಯ ಜಿಡ್ಡು ತಾಗುತ್ತದೆ. ಎರಡು ಬ್ಯಾರೆಲ್ಲಿನ ದೊಡ್ಡ ಯಂತ್ರಗಳಿಗೆ ಈ ಕಷ್ಟವಿಲ್ಲ. ಅಲ್ಲಿ ಒಡಲು ಬಿಸಿಯಾಗಿರುವಾಗಲೇ ಎರಡನೆಯ ವಸ್ತು ಬೀಳುತ್ತದೆ. ನಾವು ಆ ಬಿಸಿಯನ್ನು ಹೊರಗಿನಿಂದ ಕೊಡಬೇಕು. ಈಗ ಒಡಲುಗಳನ್ನು ಅಚ್ಚಿನಿಂದ ತೆಗೆದ ಕೂಡಲೇ ಮುಚ್ಚಿದ ಚೀಲಕ್ಕೆ ಹಾಕುತ್ತೇವೆ, ಟಿಪಿಇಗೆ ಇಡುವ ಮುನ್ನ 80 ಡಿಗ್ರಿಯ ಓವನ್ನಿನಲ್ಲಿ ಅರ್ಧ ಗಂಟೆ ಬಿಸಿ ಮಾಡುತ್ತೇವೆ. ಒಳಗಿನ ಹಿತ್ತಾಳೆ ಶಾಖವನ್ನು ಹಿಡಿದಿಟ್ಟುಕೊಳ್ಳುವುದು ಇಲ್ಲಿ ಅನುಕೂಲಕ್ಕೆ ಬರುತ್ತದೆ. ಟಿಪಿಇ ತಾಪ 215 ಡಿಗ್ರಿ.

ಅಚ್ಚಿನಿಂದ ತುಂಡು ಸುಲಭವಾಗಿ ಬಿಡಲು ಹೊಡೆಯುವ ಸಿಲಿಕೋನ್ ಸ್ಪ್ರೇ ಡಬ್ಬಿಯನ್ನು ಯಂತ್ರದ ಬಳಿಯಿಂದಲೇ ತೆಗೆಸಿದ್ದೇನೆ. ಪಕ್ಕದ ಬೇರೆ ಕೆಲಸಕ್ಕೆ ಹೊಡೆದ ಸ್ಪ್ರೇ ಗಾಳಿಯಲ್ಲಿ ತೇಲಿ ಬಂದು ಒಡಲಿನ ಮೇಲೆ ಕೂತರೂ ಅಂಟು ಹೋಗುತ್ತದೆ.

ಅಂಟೊಂದನ್ನೇ ನಂಬಿ ಕೂರದೆ ಆಕಾರದಲ್ಲೂ ಹಿಡಿತ ಕೊಟ್ಟೆವು. ಮೊದಲು ಟಿಪಿಇ ಪದರವನ್ನು ಅಂಚಿನಲ್ಲಿ ತೆಳ್ಳಗೆ ಇಳಿಸಿ ಒಡಲಿನ ಮೈಯೊಡನೆ ಸಮ ಮಾಡಿದ್ದೆವು. ಆ ತೆಳು ಅಂಚು ಸರಿಯಾಗಿ ತುಂಬುತ್ತಲೂ ಇರಲಿಲ್ಲ, ಸುಲಿಯುವುದು ಅಲ್ಲಿಂದಲೇ ಆರಂಭವಾಗುತ್ತಿತ್ತು. ಈಗ ಒಡಲಿನಲ್ಲಿ ಎರಡೂ ತುದಿಗೆ ಎದ್ದ ಅಂಚು ಇದೆ. ಟಿಪಿಇ ಪೂರ್ತಿ 3 ಮಿ.ಮೀ. ದಪ್ಪದಲ್ಲೇ ಬಂದು ಆ ಗೋಡೆಗೆ ತಾಗಿ ನಿಲ್ಲುತ್ತದೆ. ಒಡಲಿನ ವ್ಯಾಸ 24, ಪದರ ಸೇರಿ 30 ಮಿ.ಮೀ. ಜೊತೆಗೆ ಒಡಲಿನ ಉದ್ದಕ್ಕೆ ನಾಲ್ಕು ತೋಡುಗಳನ್ನು ಕೊರೆಸಿದ್ದರಿಂದ ಪದರ ಸುತ್ತಲೂ ತಿರುಗಲಾರದು. ಆ ಎದ್ದ ಅಂಚಿನ ಮೇಲೆಯೇ ಎರಡನೆಯ ಅಚ್ಚು ಕಚ್ಚುತ್ತದೆ. ಟಿಪಿಇ ಬಹಳ ತೆಳುವಾಗಿ ಹರಿಯುವುದರಿಂದ ಅಲ್ಲಿ ಸಂದು ಉಳಿದರೆ ಫ್ಲ್ಯಾಶ್ ಖಂಡಿತ. ಅಚ್ಚನ್ನು ಒಡಲಿಗಿಂತ 0.05 ಮಿ.ಮೀ. ಬಿಗಿಯಾಗಿ ಇಟ್ಟು ಪಿಪಿ ಸ್ವಲ್ಪ ಒತ್ತಿಕೊಳ್ಳುವಂತೆ ಮಾಡಿದ ಮೇಲೆ ಅದು ನಿಂತಿತು.

ಬೇಸಿಗೆ ಮಳೆ ಬಂದಾಗ ಇನ್ನೊಂದು ಚಿಕ್ಕ ತೊಂದರೆ ಕಂಡಿತು. ಚಿಲ್ಲರ್ ನೀರು ಬಿಟ್ಟಾಗ ಟಿಪಿಇ ಅಚ್ಚು ಬೆವರಿ, ಪದರದ ಮೇಲೆ ನೀರಿನ ಕಲೆ ಬಿತ್ತು. ಚಿಲ್ಲರ್ ನಿಲ್ಲಿಸಿ ತೊಟ್ಟಿಯ ನೀರನ್ನೇ ಬಿಟ್ಟೆವು. ತಣಿಯಲು ಕೆಲವು ಸೆಕೆಂಡು ಹೆಚ್ಚು ಬೇಕಾದರೂ ಕಲೆ ಹೋಯಿತು.

ಹಂತ 7: ಪರೀಕ್ಷೆ (ಏಪ್ರಿಲ್–ಮೇ)

ತಿರುಚು: ಹಿಡಿಯನ್ನು ಮರದ ಹಲ್ಲೆಗಳ ನಡುವೆ ವೈಸಿಗೆ ಕೊಟ್ಟು ತಲೆಯಲ್ಲಿ ಟಾರ್ಕ್ ರೆಂಚ್ ಹಾಕಿದೆವು. 200 ಮಿ.ಮೀ. ಸ್ಪ್ಯಾನರಿನಲ್ಲಿ ಒಬ್ಬ ಆಳು ಬಲವಾಗಿ ಎಳೆದರೆ ಸುಮಾರು 30 ನ್ಯೂಟನ್-ಮೀಟರ್ ಬರುತ್ತದೆ. ಅಷ್ಟಕ್ಕೆ ಹಿತ್ತಾಳೆ ಒಡಲಿನೊಳಗೆ ಅಲುಗಲಿಲ್ಲ. ಮುಂದಕ್ಕೆ ಎಳೆದಾಗ ಒಡಲಿಗಿಂತ ಮೊದಲು ವೈಸಿನಲ್ಲಿ ಟಿಪಿಇ ಜಾರಿತು, ಆದ್ದರಿಂದ ಇನ್ಸರ್ಟಿನ ಹಿಡಿತದ ಕೊನೆಯ ಮಿತಿಯನ್ನು ತಿಳಿಯಲು ಪದರವಿಲ್ಲದ ಒಡಲುಗಳನ್ನು ಬೇರೆಯಾಗಿ ತಿರುಚಬೇಕಾಯಿತು. ಅವು ಕೊನೆಗೆ ಮುರಿದದ್ದು ನರ್ಲಿಂಗ್ ಇರುವ ಜಾಗದಲ್ಲಿ. ಹಳೆಯ ವೆಲ್ಡ್ ಲೈನಿನಲ್ಲಿ ಸೀಳಲಿಲ್ಲ.

ಸುಲಿತ: ಪದರದಲ್ಲಿ 10 ಮಿ.ಮೀ. ಅಗಲದ ಪಟ್ಟಿ ಕತ್ತರಿಸಿ ಸ್ಪ್ರಿಂಗ್ ತಕ್ಕಡಿಯಿಂದ ಎಳೆಯುತ್ತೇವೆ. ತಕ್ಕಡಿಯ ಅಂಕಿಗಿಂತ ಹರಿದ ಜಾಗವನ್ನು ನೋಡುವುದು ಮುಖ್ಯ: ಟಿಪಿಇ ತನ್ನೊಳಗೇ ಹರಿದು ಒಡಲಿನ ಮೇಲೆ ಪದರ ಉಳಿಸಿದರೆ ಅಂಟು ಸರಿಯಿದೆ, ಒಡಲು ನುಣುಪಾಗಿ ಉಳಿದರೆ ಆ ಕಂತನ್ನು ತಡೆಹಿಡಿಯುತ್ತೇವೆ. ಪ್ರತಿ ಓವನ್ ಟ್ರೇಯಿಂದ ಒಂದು ತುಂಡು ಹೀಗೆ ಬಲಿ ಹೋಗುತ್ತದೆ.

ದ್ರಾವಣ: ಶೇಕಡ 1ರ ಬೋರ್ಡೋದಲ್ಲಿ ಮುಳುಗಿಸಿ, ಹೊರಗೆ ಬಿಸಿಲಲ್ಲಿ ಒಣಗಿಸಿ, ಮತ್ತೆ ಮುಳುಗಿಸುವ ಕ್ರಮವನ್ನು ಏಪ್ರಿಲ್ ಪೂರ್ತಿ ನಡೆಸಿದೆವು. ಪದರದ ಅಂಚು ಏಳಲಿಲ್ಲ. ಸುಣ್ಣದ ಬಿಳಿ ಮಾತ್ರ ಕಪ್ಪು ಪದರದ ಮೇಲೆ ಎದ್ದು ಕಾಣುತ್ತಿತ್ತು. ಬೂದು ಬಣ್ಣಕ್ಕೆ ಬದಲಿಸಿದೆವು. ಹಿತ್ತಾಳೆಗೂ ಪಿಪಿಗೂ ನಡುವೆ ನಯವಾದ ತುದಿಯ ಕಡೆಯಿಂದ ದ್ರಾವಣ ಒಳಕ್ಕೆ ಇಳಿಯುವುದನ್ನು ಒಂದು ಹಿಡಿಯನ್ನು ಉದ್ದಕ್ಕೆ ಸೀಳಿ ನೋಡಿದಾಗ ಕಂಡೆವು. ನೀಲಿ ಗುರುತು ನಾಲ್ಕೈದು ಮಿ.ಮೀ. ಒಳಗಿತ್ತು. ಪ್ಲಾಸ್ಟಿಕ್ ಲೋಹಕ್ಕೆ ಅಂಟುವುದಿಲ್ಲ, ಅಪ್ಪಿಕೊಳ್ಳುತ್ತದೆ ಅಷ್ಟೇ, ಹಾಗಾಗಿ ಇದು ನಿರೀಕ್ಷಿತವೇ. ಟಿಪಿಇ ಪದರದಿಂದಲೇ ಒಂದು ತುಟಿಯನ್ನು ಆ ತುದಿಯ ಮೇಲೆ ಹಾಯಿಸಿ ಹಿತ್ತಾಳೆಯನ್ನು ಬಿಗಿಯಾಗಿ ತಬ್ಬುವಂತೆ ಎರಡನೆಯ ಅಚ್ಚನ್ನು ತಿದ್ದಿದೆವು. ಮಾರುಕಟ್ಟೆಗೆ ಹೋದ ಹಿಡಿಗಳೆಲ್ಲ ಈ ತುಟಿ ಇರುವವು.

ಮೇ ಕೊನೆಯ ವಾರದಲ್ಲಿ ಹಿಡಿಗಳ ಮೊದಲ ಕಂತು ತೀರ್ಥಹಳ್ಳಿ ಮತ್ತು ಹೊಸನಗರ ಕಡೆಯ ತೋಟಗಳಿಗೆ ಹೋಗಿದೆ, ಮೊದಲ ಸಿಂಪಡಣೆ ಇದರಲ್ಲೇ ಆಯಿತು. ಹಿಡಿ ತಿರುಗಿದ ದೂರು ಬಂದಿಲ್ಲ. ಬಂದಿರುವ ದೂರು ಭಾರದ್ದು: ಹಿಡಿಯೊಂದೇ 190 ಗ್ರಾಂ ದಾಟುತ್ತದೆ, ಗಂಟೆಗಟ್ಟಲೆ ಮೇಲೆ ಎತ್ತಿ ಹಿಡಿಯುವವರಿಗೆ ಅದು ಸಣ್ಣ ಮಾತಲ್ಲ. ತಲೆಯ ಗೋಡೆಯನ್ನು ತೆಳು ಮಾಡಿದರೆ ಥ್ರೆಡ್ಡಿನ ಕೆಳಗೆ ಹಿತ್ತಾಳೆ ಉಳಿಯುವುದಿಲ್ಲ. ನಡುವಿನ ಕೊಳವೆಯನ್ನು 14ರಿಂದ 12 ಮಿ.ಮೀ.ಗೆ ಇಳಿಸಬಹುದು, ಆದರೆ ಆಗ 13.157ರ ಹೊರಥ್ರೆಡ್ ಕೊಳವೆಗಿಂತ ದಪ್ಪವಾಗಿ, ತೆಗೆದುಹಾಕಿದ ಭುಜ ಆ ತುದಿಯಲ್ಲಿ ಮತ್ತೆ ಹುಟ್ಟುತ್ತದೆ. ಅದನ್ನು ತಪ್ಪಿಸಲು ಆ ತುದಿಯನ್ನು ಎಂಟನೇ ಒಂದು ಇಂಚಿನ ಬಿಎಸ್‌ಪಿಗೆ, ಅಂದರೆ 9.728 ಮಿ.ಮೀ.ಗೆ ಇಳಿಸಬೇಕು, ಆಗ 8 ಮಿ.ಮೀ. ಒಳತೂತಿಗೆ ಅಲ್ಲಿ ಜಾಗವಿರುವುದಿಲ್ಲ. ತೂತನ್ನು ಆ ತುದಿಯಲ್ಲಿ ಮಾತ್ರ 5 ಮಿ.ಮೀ.ಗೆ ಕಿರಿದಾಗಿಸಿದ ಕೆಲವು ಇನ್ಸರ್ಟುಗಳು ಈಗ ಲೇತಿನ ಮೇಲಿವೆ. ಎರಡನೆಯ ಸಿಂಪಡಣೆಗೆ ಮುನ್ನ ಅವುಗಳಲ್ಲಿ ನೀರಿನ ಹರಿವು ಸಾಕಾಗುತ್ತದೆಯೇ ಎಂದು ಪಂಪಿಗೆ ಜೋಡಿಸಿ ಅಳೆಯುತ್ತೇವೆ.